ಫಿನಿಶ್ ಲೈನಿನಲ್ಲಿ ಕಾಕಾ ಕೂಗಿದ ಕನ್ನಡ

ಕಾಕಾರ ಮೀನಖಂಡದ ಮೇಲೆ ಒಂದು ಕೂದಲೂ ಇರಲಿಲ್ಲ. ಅರವತ್ತರ ಹತ್ತಿರ ಬಂದ ಮೇಲೂ ಸೈಕಲ್ ರೇಸಿನವರ ಹಾಗೆ ಕಾಲು ಬೋಳಿಸಿಕೊಳ್ಳುತ್ತಿದ್ದರು. ಗಣೇಶನ ಹಬ್ಬಕ್ಕೆ ಧೋತರ ಎತ್ತಿಕಟ್ಟಿ ಬಡಿಸಲು ನಿಂತರೆ, ಆ ನುಣ್ಣನೆಯ ಕಾಲು ನೋಡಿ ಅಮೆರಿಕದ ಮಿಶಿಗನ್ನಿನಲ್ಲಿನ ನಮ್ಮೂರು ರಾಚೆಸ್ಟರ್ ಹಿಲ್ಸ್‌ನ ಆಂಟಿಯರು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು. ಕಾಕಾ ಇದಕ್ಕೆಲ್ಲ ತಲೆ ಕೆಡಿಸಿಕೊಂಡವರಲ್ಲ. ಬಿದ್ದಾಗ ಗಾಯ ತೊಳೆಯಲು ಸಲೀಸು ಎಂದು ಕೇಳಿದವರಿಗೂ ಕೇಳದವರಿಗೂ ವಿವರಿಸಿ, ಇನ್ನೊಂದು ಹೋಳಿಗೆ ಹಾಕಿ ಮುಂದಿನ ಎಲೆಗೆ ಹೋಗುತ್ತಿದ್ದರು.

ಅವರು ನನ್ನ ರಕ್ತಸಂಬಂಧಿಯಲ್ಲ. ಹತ್ತಿರದ ವಾರೆನ್ ಊರಿನ ಕಾರು ವಿನ್ಯಾಸದ ಆಫೀಸಿನಲ್ಲಿ ಅಪ್ಪನ ಪಕ್ಕದ ಸೀಟಿನವರು. ವಿಜಯಪುರದಲ್ಲಿ ಹರೆಯದಿಂದಲೇ ರೇಸ್ ಸೈಕಲ್ ತುಳಿದವರು. ಸಿಕ್ಕವರನ್ನೆಲ್ಲ ಅಂಕಲ್ ಎನ್ನುತ್ತಿದ್ದ ನನಗೆ ‘ಕಾಕಾ ಅನ್ನು’ ಎಂದು ತಾಕೀತು ಮಾಡಿದರು. ಮೈಸೂರಿನಿಂದ ಬಂದ ಹೊಸತರಲ್ಲಿ, ಇನ್ನೂ ಸಣ್ಣ ಹುಡುಗಿಯಾಗಿದ್ದ ನಾನು ಎಲ್ಲದಕ್ಕೂ ಇಂಗ್ಲಿಷಿನಲ್ಲಿ ಉತ್ತರಿಸುವ ಚಟ ಹತ್ತಿಸಿಕೊಂಡಿದ್ದೆ. ಸೈಕಲ್ ಕಲಿಸಲು ಶುರು ಮಾಡಿದ ದಿನವೇ ಅವರು ಕಾನೂನು ಮಾಡಿದರು: ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೆ ಇನ್ನೊಂದು ಮೈಲಿ ತುಳಿಯಬೇಕು. ನನ್ನ ಕನ್ನಡ ಉಳಿದದ್ದು ತೊಡೆ ನೋವಿನ ಭಯದಿಂದ.

ಮುಂದೆ ನಾನು ಸಣ್ಣದೊಂದು ಪ್ರೊಫೆಷನಲ್ ಸೈಕಲ್ ತಂಡ ಸೇರಿ, ಅದಕ್ಕಾಗಿ ಶಿಕಾಗೊ ಕಡೆಯ ಲೊಂಬಾರ್ಡಿಗೆ ಬಂದು ನೆಲೆಸಿದೆ. ಕಾಕಾ ಮಿಶಿಗನ್ನಿನಿಂದ ಐದು ಗಂಟೆ ಡ್ರೈವ್ ಮಾಡಿಕೊಂಡು ಪ್ರತಿ ರೇಸಿಗೂ ಬರುತ್ತಿದ್ದರು. ಫಿನಿಶ್ ಲೈನಿನ ಹತ್ತಿರ ಬೇಲಿಗೆ ಎದೆಯೊತ್ತಿ ನಿಂತು, ಯಾರು ಎಲ್ಲಿಂದ ನುಗ್ಗುತ್ತಿದ್ದಾರೆ, ನಾನು ಯಾವಾಗ ಸೀಟಿನಿಂದ ಎದ್ದು ಜೋರಾಗಿ ತುಳಿಯಬೇಕು ಎಂದು ಕನ್ನಡದಲ್ಲಿ ಕೂಗುವುದು ಅವರ ಕೆಲಸ. ‘ಇಂಗ್ಲಿಷ್‌ನ್ಯಾಗ ಕೂಗಿದ್ರ ಬಾಜೂದಾಕಿಗೂ ಗೊತ್ತಾಗ್ತದಲ್ಲ’ ಎಂದು ಕಣ್ಣು ಮಿಟುಕಿಸುತ್ತಿದ್ದರು. ನಮ್ಮಿಬ್ಬರಿಗೂ ಅದು ಭಾರಿ ಜಾಣತನವಾಗಿ ಕಂಡಿತ್ತು.

ಒಂದು ಬೇಸಿಗೆ, ಶಿಕಾಗೊ ಹೊರವಲಯದ ಊರೊಂದರ ಪೇಟೆ ಬೀದಿಗಳಲ್ಲಿ ರೇಸ್ ಇತ್ತು. ಯೂರೋಪಿಗೆ ಹೋಗುವ ದೊಡ್ಡ ತಂಡವೊಂದು ನನ್ನ ಮೇಲೆ ಕಣ್ಣಿಟ್ಟಿತ್ತು. ಇದನ್ನು ಗೆದ್ದರೆ ಸೇರಿಸಿಕೊಳ್ಳುತ್ತೇವೆ ಎಂದಿದ್ದರು. ಕೊನೆಯ ತಿರುವು ದಾಟಿದಾಗ ನಾನೇ ಮುಂದಿದ್ದೆ. ಕೊನೆಯ ಓಟ ಶುರುವಾದ ಮೇಲೆ ಹಿಡಿದ ದಾರಿ ಬಿಟ್ಟು ಪಕ್ಕಕ್ಕೆ ಸರಿಯಬಾರದು, ಹಿಂದಿನವರ ದಾರಿ ಕಟ್ಟಬಾರದು. ಇದನ್ನು ನನಗೆ ಮೊದಲು ಕಲಿಸಿದವರೇ ಕಾಕಾ. ಆದರೆ ಎಡಗಡೆಯ ಬೇಲಿಗೂ ನನಗೂ ನಡುವಿನ ಸಂದಿಯಲ್ಲಿ ಬೇರೆ ತಂಡದ ಹುಡುಗಿಯೊಬ್ಬಳು ನುಗ್ಗಿ ಬರುತ್ತಿದ್ದಳು. ನನಗೆ ಕಾಣಲಿಲ್ಲ, ಕಾಕಾರಿಗೆ ಕಂಡಿತು.

‘ಎಡಕ್ಕ ಸರಿ, ಹಾದಿ ಮುಚ್ಚು!’

ಸರಿದೆ. ಯಾಕೆಂದು ಕೇಳುವಷ್ಟು ಹೊತ್ತಿರಲಿಲ್ಲ, ಕೇಳದೆಯೂ ಗೊತ್ತಿತ್ತು. ಹಿಂದೆ ಬೇಲಿಗೆ ಬಡಿದ ಸದ್ದು, ಜನ ಚೀರಿದ ಸದ್ದು ಎರಡೂ ಕೇಳಿಸಿದವು. ಆದರೂ ಎರಡೂ ಕೈ ಮೇಲೆತ್ತಿಕೊಂಡೇ ಗೆರೆ ದಾಟಿದೆ. ಆ ಫೋಟೊ ಈಗಲೂ ಇಂಟರ್ನೆಟ್ಟಿನಲ್ಲಿ ಎಲ್ಲೋ ಇದೆ.

ಅವಳ ತಂಡದವರು ದೂರು ಕೊಟ್ಟರು. ಡೇರೆಯೊಳಗೆ ತೀರ್ಪುಗಾರರು ನನ್ನನ್ನು ಕೂರಿಸಿಕೊಂಡು ವಿಡಿಯೊ ಹಾಕಿದರು. ಗಾಳಿ ತಳ್ಳಿತು ಎಂದೆ. ವಿಡಿಯೊದಲ್ಲಿ ಕಾಕಾರ ದನಿ ಸ್ಪಷ್ಟವಾಗಿತ್ತು. ಈ ಮನುಷ್ಯ ಏನು ಕೂಗುತ್ತಿದ್ದಾನೆ ಎಂದು ಒಬ್ಬಾಕೆ ಕೇಳಿದಳು. ನಮ್ಮ ಅಂಕಲ್, ಹುರಿದುಂಬಿಸುತ್ತಿದ್ದಾರೆ, ಅವರು ಯಾವಾಗಲೂ ಹೀಗೇ ಎಂದೆ. ಅವರೆಲ್ಲ ನಕ್ಕರು. ಮುಗಿಯಿತು, ಬಚಾವಾದೆ ಅಂದುಕೊಂಡೆ.

ಅಷ್ಟರಲ್ಲಿ, ಹೊರಗೆ ನಿಂತು ಎಲ್ಲ ಕೇಳಿಸಿಕೊಂಡಿದ್ದ ಕಾಕಾ ಟೋಪಿ ಕೈಯಲ್ಲಿ ಹಿಡಿದುಕೊಂಡು ಡೇರೆಯೊಳಗೆ ಬಂದರು. ಅದು ಕನ್ನಡ ಎಂಬ ಭಾಷೆ, ನಾನು ಹೇಳಿದ್ದು ಹೀಗೆ ಎಂದು ಒಂದೊಂದೇ ಶಬ್ದಕ್ಕೆ ಅರ್ಥ ಹೇಳಿದರು. ಗಾಬರಿಯಲ್ಲಿ ಅವರ ಇಂಗ್ಲಿಷ್ ತಡವರಿಸುತ್ತಿತ್ತು. ತಾನು ಹೇಳಿದ್ದನ್ನೇ ಈ ಹುಡುಗಿ ಮಾಡಿದ್ದಾಳೆ, ತಪ್ಪು ತನ್ನದು ಎಂದು ಕೈ ಮುಗಿದರು. ನನಗೆ ಮುಖ ಎತ್ತಲಾಗಲಿಲ್ಲ. ಆದರೆ ಆ ಗಳಿಗೆಯಲ್ಲಿ ನಾಚಿಕೆಯಾದದ್ದು ನನ್ನ ಸುಳ್ಳಿಗಲ್ಲ, ಆ ಬಿಳಿಯರ ಮುಂದೆ ಅವರ ಇಂಗ್ಲಿಷಿಗೆ, ಅವರು ಮುಗಿದ ಕೈಗೆ. ಥೂ, ಹೇಳಲೂ ಅಸಹ್ಯ.

ನನ್ನನ್ನು ಮೊದಲ ಸ್ಥಾನದಿಂದ ಕಟ್ಟಕಡೆಯ ಸ್ಥಾನಕ್ಕೆ ಇಳಿಸಿದರು. ದೊಡ್ಡ ತಂಡದವರು ಮತ್ತೆ ಫೋನ್ ಮಾಡಲಿಲ್ಲ. ಮನೆಗೆ ಬರುವಾಗ ಕಾರಿನಲ್ಲಿ ನಾನು ಕಾಕಾರ ಮೇಲೆ ಹರಿಹಾಯ್ದೆ. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ನನ್ನ ಬಾಳು ಹಾಳು ಮಾಡಿದಿರಿ ಎಂದೆಲ್ಲ ಅಂದೆ. ಅವರು ರಸ್ತೆ ನೋಡುತ್ತಲೇ ಹೇಳಿದರು:

‘ಯಾರಿಗೂ ತಿಳೀಬಾರ್ದಂತನ ಅಲ್ಲೇನವ್ವಾ ನಾ ಕನ್ನಡದಾಗ ಕೂಗಿದ್ದು? ಅದನ್ನ ನೆನಸಿದ್ರ ನನಗ ನಾಚಿಗಿ ಬರ್ತದ.’

ಆಮೇಲೆ ಅವರು ಯಾವ ರೇಸಿನಲ್ಲೂ ಬೇಲಿಯ ಬಳಿ ನಿಲ್ಲಲಿಲ್ಲ.

ಬೇಲಿಗೆ ಬಡಿದ ಆ ಹುಡುಗಿಯ ಎಡಭುಜ ಮುರಿದಿತ್ತು, ಸೊಂಟಕ್ಕೂ ಪೆಟ್ಟಾಗಿತ್ತು. ಅವಳು ಮತ್ತೆ ರೇಸಿಗೆ ಇಳಿಯಲೇ ಇಲ್ಲ. ಅವಳ ಮನೆ ನನ್ನ ಅಪಾರ್ಟ್‌ಮೆಂಟಿನಿಂದ ಹೆದ್ದಾರಿಯಲ್ಲಿ ಕೆಲವೇ ಎಕ್ಸಿಟ್ ಆಚೆ. ಕಾಕಾ ತಿಂಗಳಿಗೊಮ್ಮೆ ಬಂದು ನನ್ನಲ್ಲಿ ಉಳಿದುಕೊಂಡು, ಮರುದಿನ ಬೆಳಿಗ್ಗೆ ಚಕ್ಕುಲಿಯ ಡಬ್ಬಿ ಹಿಡಿದು ಅವಳನ್ನು ನೋಡಲು ಹೊರಡುತ್ತಿದ್ದರು. ಬೂಟು ಹಾಕಿಕೊಳ್ಳುತ್ತಾ, ‘ಬರ್ತೀಯೇನವ್ವಾ? ಮಾತಾಡ್ಸಿ ಬರೂಣು’ ಎನ್ನುತ್ತಿದ್ದರು. ಟ್ರೇನಿಂಗ್ ಇದೆ ಕಾಕಾ ಎನ್ನುತ್ತಿದ್ದೆ. ಎಷ್ಟೋ ಸಲ ಇರುತ್ತಿರಲಿಲ್ಲ. ಅವರು ಹೊರಟ ಮೇಲೆ ಹೊದಿಕೆ ಎಳೆದುಕೊಂಡು ಮತ್ತೆ ಮಲಗುತ್ತಿದ್ದೆ. ನನಗೆ ಬೇಕಾದದ್ದು ಇಷ್ಟೇ, ಅವಳ ಮುಖ ನೋಡುವ ಪ್ರಸಂಗ ಬರಬಾರದು. ಕಾಕಾ ಎರಡನೇ ಸಲ ಕರೆಯುತ್ತಿರಲಿಲ್ಲ, ಬಿಟ್ಟೂ ಬಿಡುತ್ತಿರಲಿಲ್ಲ. ಮುಂದಿನ ತಿಂಗಳು ಅದೇ ಪ್ರಶ್ನೆ, ಅದೇ ಮೆತ್ತಗಿನ ದನಿ.

ಈ ವರ್ಷ ಹಿಮ ಕರಗುವ ಹೊತ್ತಿಗೆ ಕಾಕಾ ಹೃದಯಾಘಾತವಾಗಿ ಹೋದರು. ರಾಚೆಸ್ಟರ್ ಹಿಲ್ಸ್‌ನ ಹತ್ತಿರ ಫ್ಯೂನರಲ್ ಹೋಮಿನಲ್ಲಿ ಅಂತಿಮ ದರ್ಶನಕ್ಕೆ ಅವರನ್ನು ತೆರೆದ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ನಾನು ಪೆಟ್ಟಿಗೆಯ ಪಕ್ಕದಲ್ಲಿ ನಿಂತಿದ್ದೆ. ಸೀರೆ, ಜುಬ್ಬಾಗಳ ನಡುವೆ ಕಪ್ಪು ಕೋಟು ತೊಟ್ಟವಳೊಬ್ಬಳು ಒಬ್ಬಳೇ ನಡೆದು ಬಂದಳು. ಎಡಗೈ ಎದೆಯಿಂದ ಮೇಲೆ ಏಳುತ್ತಿರಲಿಲ್ಲ. ಬಲಗೈಯಿಂದ ಹೂವಿಟ್ಟು ನನ್ನ ಕಡೆ ತಿರುಗಿದಳು. ಅವಳು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಅವಳು ಇಂಗ್ಲಿಷಿನಲ್ಲಿ, ಬಹಳ ಪ್ರೀತಿಯಿಂದ ಹೇಳಿದಳು. ಪ್ರತಿ ಸಲ ಬಂದಾಗಲೂ ಕಾಕಾ ನನ್ನ ವಿಷಯ ಎತ್ತುತ್ತಿದ್ದರಂತೆ. ‘ನಿನ್ನನ್ನು ನೋಡಬೇಕೆಂದು ನಮ್ಮ ಹುಡುಗಿಗೆ ತುಂಬ ಆಸೆ, ಟ್ರೇನಿಂಗ್ ಬಿಡುವು ಕೊಡುವುದಿಲ್ಲ, ನೀನು ಹೇಗಿದ್ದೀ ಎಂದು ವಿಚಾರಿಸಿಕೊಂಡು ಬರಲು ಹೇಳಿದ್ದಾಳೆ’ ಎನ್ನುತ್ತಿದ್ದರಂತೆ.

ನಾನು ಒಂದು ದಿನವೂ ಹಾಗೆ ಹೇಳಿ ಕಳಿಸಿರಲಿಲ್ಲ. ತೀರ್ಪುಗಾರರ ಮುಂದೆ ನನ್ನ ಸುಳ್ಳನ್ನು ಒಂದು ನಿಮಿಷ ಸಹಿಸದ ಮನುಷ್ಯ, ನಾನು ಇಂದಲ್ಲ ನಾಳೆ ಬಂದೇನೆಂದು ನಂಬಿ ಇವಳ ಮುಂದೆ ನನಗಾಗಿ ಸುಳ್ಳು ಹೇಳುತ್ತಾ ಬಂದಿದ್ದರು.

ಅದು ನಿಜವಾಗಿತ್ತಾ ಎಂದು ಅವಳು ಕೇಳಿದಳು. ಕಾಕಾರ ಮುಖ ಅಲ್ಲೇ, ನನ್ನ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು.

ಹೌದು ಎಂದೆ.