ಮಾವನಿಗೆ ಓದದೆ ಬಿಟ್ಟ ಪುಟಗಳು

ನನ್ನ ಮಾವನವರಿಗೆ ನಾನು ಸುಳ್ಳು ಓದಿದೆ. ಕೈಯಲ್ಲಿ ಪುಸ್ತಕ ಹಿಡಿದು, ಅದರಲ್ಲಿ ಇಲ್ಲದ್ದನ್ನು ಇದೆ ಎಂಬಂತೆ ಓದಿದೆ — ಅವರು ನಂಬಿದರು. ನಂಬದೆ ಏನು ಮಾಡುತ್ತಾರೆ? ಈ ಮನೆಯಲ್ಲಿ ಕನ್ನಡ ಅಕ್ಷರ ಬಲ್ಲವಳು ನಾನೊಬ್ಬಳೇ.

ನಾನು ಕೊಳ್ಳೇಗಾಲದ ಕಡೆಯವಳು. ತಮಿಳುನಾಡಿನ ಪಲ್ಲಡಂ ಹತ್ತಿರದ ಈ ಊರಿಗೆ ಸೊಸೆಯಾಗಿ ಬಂದೆ. ಇಲ್ಲಿ ನಮ್ಮವರು ತಲೆತಲಾಂತರದಿಂದ ನೇಯುವವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಸುತ್ತಲೂ ಪವರ್‌ಲೂಮುಗಳ ಸದ್ದು. ಮಾವ ಮಾತ್ರ ಕೈಮಗ್ಗ ಬಿಡಲಿಲ್ಲ. ಮಗ್ಗದ ಪಕ್ಕದ ಗೂಡಿನ ತುಂಬ ಅವರ ಪುಸ್ತಕಗಳು — ಜೇನುಹುಳದ್ದು, ನಕ್ಷತ್ರಗಳದ್ದು, ಹಳೇ ಶಾಸನಗಳದ್ದು, ಮೂಳೆ ಕೂಡಿಸುವ ವೈದ್ಯದ್ದು. ತಮಿಳನ್ನು ನೀರು ಕುಡಿದ ಹಾಗೆ ಓದುತ್ತಿದ್ದರು, ಇಂಗ್ಲಿಷನ್ನು ನಿಘಂಟು ಪಕ್ಕಕ್ಕಿಟ್ಟುಕೊಂಡು. ಸೀರೆಯ ಅಂಚಿಗೆ ಒಂದು ಬಳ್ಳಿ ಬಿಡಿಸಬೇಕಿದ್ದರೆ, ಎಲೆ ಯಾವ ಕಡೆ ತಿರುಗುತ್ತದೆ ಎಂದು ನೋಡಲು ಬೇಲಿಯ ಮುಂದೆ ಅರ್ಧ ದಿನ ಕೂರುವ ಮನುಷ್ಯ. ಅಂಥವರು ನಾನು ಬಂದ ಹೊಸತರಲ್ಲಿ, ಹೆಣ್ಣುಮಕ್ಕಳನ್ನು ಅಕ್ಕರೆಯಿಂದ ಕರೆಯುವ ಈ ಸೀಮೆಯ ಮಾತಿನಲ್ಲಿ ಕರೆದು, ಮಗುವಿನಂತೆ ಕೇಳಿದರು: "ಅಮ್ಮಿಣಿ, ನಮ್ಮವ್ವ ಆಡಿದ್ ಮಾತು ಮಾತ್ರ ನನ್ ಕಣ್ಗೆ ಕತ್ತಲೆ. ನೀನ್ ಓದು, ನಾನ್ ಕೇಳ್ತೀನಿ."

ಅತ್ತೆ ಒಳಗಿಂದಲೇ, "ಬಂದ ಸೊಸೇನ ಪಾಠ ಹೇಳೋ ವಾತ್ಯಾರ್ ಮಾಡ್ಬಿಟ್ರಾ? ಸಾರು ಯಾರ್ ಕಾಸೋದು, ನಿಮ್ ನಕ್ಷತ್ರಗಳಾ?" ಅಂದರು. ಮಾವ ನಕ್ಕು, "ಅವೂ ಉರೀತಾನೇ ಅವೆ, ಪಾತ್ರೆ ಇಟ್ ನೋಡು," ಅಂದರು.

ಮಗ್ಗ ಆಡುವಾಗ ಓದಿದ್ದು ಕೇಳಿಸುವುದಿಲ್ಲ. ಮಗ್ಗಕ್ಕೆ ಉದ್ದಕ್ಕೂ ಎಳೆದ ನೂಲಿನ ಹಾಸು ಮುಗಿದಾಗ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯದರ ತುದಿಗೆ ಹೊಸೆದು ಕೂಡಿಸಬೇಕು. ಜಾರದಂತೆ ಬೆರಳಿಗೆ ಬೂದಿ ಹಚ್ಚಿಕೊಂಡು ಮಾಡುವ ಕೆಲಸ, ಸದ್ದೇ ಇಲ್ಲದ್ದು. ಆಗ ಪಕ್ಕದಲ್ಲಿ ಕೂತು ನಾನು ಓದುತ್ತಿದ್ದೆ.

ನಾನು ಬಸುರಿಯಾಗಿದ್ದಾಗ ಒಂದು ಬೆಳಿಗ್ಗೆ ಕಂಕಣ ಸೂರ್ಯಗ್ರಹಣ ಬಂತು. ನಾನು ಕೋಣೆ ಬಿಟ್ಟು ಕದಲಲಿಲ್ಲ — ನನ್ನ ತವರಿನ ಶಾಸ್ತ್ರ ಅದು, ಇವತ್ತಿಗೂ ನಂಬುತ್ತೇನೆ. ಮಾವನಿಗೆ ಅದರಲ್ಲಿ ನಂಬಿಕೆ ಇರಲಿಲ್ಲ. ಆದರೂ, "ನೀನ್ ಆಚೆ ಬರೋದ್ ಬ್ಯಾಡ ಅಮ್ಮಿಣಿ. ಅದೇ ಒಳಗೆ ಬರ್ಲಿ," ಅಂದು, ಅಂಚಿನ ವಿನ್ಯಾಸಕ್ಕೆ ಅಲ್ಲೊಂದು ಇಲ್ಲೊಂದು ತೂತು ಹೊಡೆದ ಜಕಾರ್ಡ್ ರಟ್ಟನ್ನು ಹೊರಗಿನಿಂದ ಕಿಟಕಿಗೆ ಅಡ್ಡ ಹಿಡಿದರು. ಎದುರಿನ ಸುಣ್ಣದ ಗೋಡೆಯ ಮೇಲೆ ಬೆಳಕಿನ ಬಳೆಗಳು! ಒಂದೊಂದು ತೂತಿಗೂ ಒಂದೊಂದು ಬಳೆ, ಒಂದೊಂದೂ ಒಬ್ಬ ಸೂರ್ಯ. ನಾನು ಕೈಮುಗಿದುಬಿಟ್ಟೆ. ನನ್ನ ನಂಬಿಕೆಗೆ ಒಂದು ಗೀರೂ ಬೀಳದಂತೆ ಆಕಾಶವನ್ನೇ ಕೋಣೆಗೆ ತಂದುಕೊಟ್ಟವರು ಅವರು. ಮತ್ತು ನಾನು —

ಕೋಯಮತ್ತೂರಿನ ಹಳೇ ಪುಸ್ತಕದ ಅಂಗಡಿಯಿಂದ ಅವರೊಂದು ಕನ್ನಡ ಪುಸ್ತಕ ತಂದಿದ್ದರು. ರಟ್ಟು ಹರಿದಿತ್ತು, ಬರೆದವರ ಹೆಸರೂ ಉಳಿದಿರಲಿಲ್ಲ. ಒಬ್ಬ ಹಳ್ಳಿಯ ಮೇಷ್ಟರು ತನ್ನ ಬದುಕನ್ನು ಹೇಳಿಕೊಂಡದ್ದು. ಓದುತ್ತಾ ಹೋದಂತೆ ಮೇಷ್ಟರ ಮಗ ಜ್ವರದಲ್ಲಿ ತೀರಿಕೊಂಡ. ಮಾವನೂ ಮೊದಲ ಮಗಳನ್ನು ಹಾಗೆಯೇ ಕಳೆದುಕೊಂಡವರು. ಅಂದಿನಿಂದ ಅವರು ಊರ ದೇವಿಯ ಗುಡಿಯೊಳಗೆ ಕಾಲಿಟ್ಟಿರಲಿಲ್ಲ. ಶುಕ್ರವಾರ ಅತ್ತೆಯ ಹೂಬುಟ್ಟಿ ಹೊತ್ತು ಬಂದು, ಗುಡಿಯ ಮುಂದಿನ ಬೇವಿನ ಮರದ ಕೆಳಗೆ ನಿಂತುಬಿಡುತ್ತಿದ್ದರು.

ಮುಂದಿನ ಸಾಲು ಕಣ್ಣಿಗೆ ಬಿತ್ತು. ಇನ್ನು ನಾನು ಯಾರಿಗೂ ಕೈಮುಗಿಯಲಾರೆ ಎಂದು ಮೇಷ್ಟರು ಬರೆದಿದ್ದರು. ಹೊಟ್ಟೆಯಲ್ಲಿ ಮಗು, ಬಾಯಲ್ಲಿ ಆ ಮಾತು — ನಾಲಗೆ ಏಳಲಿಲ್ಲ. ಉಳಿದ ಪುಟಗಳನ್ನು ಒಟ್ಟಿಗೆ ಮಗುಚಿ, ನನಗೆ ತೋಚಿದ್ದನ್ನು ಓದಿದೆ: ಮೇಷ್ಟರು ಒಂದು ಶುಕ್ರವಾರ ದೇವಿಯ ಗುಡಿಗೆ ಹೋದರು, ದೀಪ ನೋಡಿದರು, ಅತ್ತರು, ಎದೆ ಹಗುರವಾಯಿತು.

ಮಾವನ ಬೆರಳು ಎಳೆಯ ಮೇಲೆ ನಿಂತಿತು. "ಹೋದ್ನಾ? ಅವನೂ ಹೋದ್ನಾ?"

"ಹೂಂ ಮಾವ. ಹೋದ್ರು."

ಅವರು ಮತ್ತೆ ಬೂದಿ ಹಚ್ಚಿಕೊಂಡರು. ಆ ಶುಕ್ರವಾರ ಬೇವಿನ ಮರ ದಾಟಿ ಗುಡಿಯೊಳಗೆ ಬಂದರು. ಅತ್ತೆ ಗಳಗಳ ಅತ್ತರು. ಆಮೇಲೆ ಸುಖವಾಗಿ ಆದ ಹೆರಿಗೆ, ಬತ್ತದ ಬಾವಿ, ಕೆಡದೆ ಉಳಿದ ಹಾಲು — ದಿನಾ ಮಲಗುವ ಮುನ್ನ ತಾಯಿಯ ಇಂಥ ಕೃಪೆಗಳನ್ನು ನೆನೆಯುವವಳು ನಾನು. ಅವುಗಳ ಜೊತೆಗೆ ಇದನ್ನೂ ಸೇರಿಸಿಕೊಂಡೆ. ಹೆಮ್ಮೆಯಿಂದಲೇ.

ಮಾವ ತೀರಿಹೋದ ಮೇಲೆ ಒಂದು ಮಧ್ಯಾಹ್ನ ಗೂಡು ಒರೆಸುವಾಗ ಆ ಪುಸ್ತಕ ಕೈಗೆ ಬಂತು. ಬಿಟ್ಟ ಪುಟಗಳನ್ನು ಓದಿದೆ. ಮೇಷ್ಟರು ಗುಡಿಗೆ ಹೋಗಲೇ ಇಲ್ಲ. ಮಗನನ್ನು ಮಣ್ಣು ಮಾಡಿದ ಮರುದಿನ ಶಾಲೆಯ ಬಾಗಿಲು ತೆರೆದರು. ಏಕೆ ಹೋದ ಎಂದು ಕೇಳಿದೆ, ಯಾರೂ ಉತ್ತರ ಕೊಡಲಿಲ್ಲ, ಹಾಗಾಗಿ ಪಾಠ ಮಾಡಿದೆ ಎಂದು ಬರೆದಿದ್ದರು. ಆಮೇಲೆ ಪುಟಪುಟವೂ ಊರ ಮಕ್ಕಳಿಗೆ ಅವರು ತೋರಿಸಿದ ಹಕ್ಕಿ, ಕಲ್ಲು, ನಕ್ಷತ್ರ.

ಮಗಳು ಹೋದ ಮರುದಿನ ಮಾವ ಮಗ್ಗಕ್ಕೆ ಕೂತರಂತೆ. ಊರವರು ಕಲ್ಲೆದೆಯವನು ಅಂದರಂತೆ. ಅತ್ತೆಯೇ ಹೇಳಿದ್ದು. ಇಡೀ ಸೀಮೆಯಲ್ಲಿ ಮಾವನಂತೆ ಬದುಕಿದವರು ಇನ್ನೊಬ್ಬರಿರಲಿಲ್ಲ. ಆ ಪುಸ್ತಕದಲ್ಲಿ ಒಬ್ಬರಿದ್ದರು, ಅವ್ವನ ಮಾತಿನಲ್ಲೇ ಕರೆಯುತ್ತಿದ್ದರು. ಅವರಿಬ್ಬರ ನಡುವೆ ನಾನು ಕದ ಹಾಕಿದೆ. "ಅವನೂ ಹೋದ್ನಾ?" ಅಂದಾಗ ಆ ದನಿಯಲ್ಲಿ ಇದ್ದದ್ದು ಸಂತೋಷವಲ್ಲ. ಜೊತೆಗಾರನನ್ನು ಕಳೆದುಕೊಂಡವರ ದನಿ ಅದು. ಆಗ ನನಗೆ ತಿಳಿಯಲಿಲ್ಲ — ತಿಳಿಯಲು ಕಿವಿ ಕೊಡಲಿಲ್ಲ.

ಬಸುರಿ ಹೆಂಗಸು, ಹೆದರಿದೆ ಎನ್ನಬಹುದು. ಅದೇ ಬಸುರಿಯ ಹೆದರಿಕೆಗೆ ಮಾವ ಒಂದು ದಾರಿ ಹುಡುಕಿದ್ದರಲ್ಲ! ನನಗೆ ಒಪ್ಪಿಗೆಯಿಲ್ಲದ್ದನ್ನು ಅವರಿಗಾಗಿ ಬರೀ ಓದುವಷ್ಟೂ ದೊಡ್ಡ ಮನಸ್ಸು ನನ್ನದಾಗಲಿಲ್ಲ.

ಅತ್ತೆ ಈಗಲೂ ಶುಕ್ರವಾರ ಗುಡಿಯಲ್ಲಿ, "ಕಡೆಗಾದ್ರೂ ಅವ್ರನ್ನ ನಿನ್ ಹತ್ರ ಕರ್ಕೊಂಡ್ಯಲ್ಲ ತಾಯಿ," ಅನ್ನುತ್ತಾರೆ. ಪಕ್ಕದಲ್ಲಿ ನಾನು ಕಣ್ಣು ಮುಚ್ಚಿ ನಿಲ್ಲುತ್ತೇನೆ. ಇದನ್ನು ಬರೆಯುತ್ತಿರುವುದೂ ಮನೆಯಲ್ಲಿ ಯಾರೂ ಓದಲಾರದ ಅಕ್ಷರದಲ್ಲೇ — ಇದೂ ಒಂದು ಬಚ್ಚಿಡುವಿಕೆಯೇ. ಅವರ ಸಮಾಧಾನವನ್ನು ಕಿತ್ತುಕೊಳ್ಳುವ ಹಕ್ಕು ನನಗಿದೆಯೋ ಇಲ್ಲವೋ, ತಾಯಿಯೇ ಬಲ್ಲಳು. ಆದರೆ ಅವರ ಗಂಡ ಯಾರ ಮಾತು ಕೇಳಿ ಆ ಹೊಸ್ತಿಲು ದಾಟಿದರು ಎಂಬುದು ಅವರಿಗೆ ಗೊತ್ತಾಗಬೇಕು.

ಹಿತ್ತಲಲ್ಲಿ ಅತ್ತೆ ನಾಳೆಗೆ ಹೂ ಬಿಡಿಸುತ್ತಿದ್ದಾರೆ. "ಅಮ್ಮಿಣಿ, ಬುಟ್ಟಿ ತಾ," ಎಂದು ಕೂಗಿದರು. ಬುಟ್ಟಿ ಕೊಟ್ಟು ಬಂದುಬಿಡುವುದಿಲ್ಲ. ಪಕ್ಕದಲ್ಲಿ ಕೂತು, ಬಾಯಿಬಿಟ್ಟು ಹೇಳುತ್ತೇನೆ.