ಸಣ್ಣ ದನಿಗೆ ದಾರಿ ಬಿಡಿಸುವ ಮೈಕಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶಾಸನಸಭೆಯ ಸಭಾಂಗಣದಲ್ಲಿ ಖಾಲಿ ಕುರ್ಚಿಗಳ ಸಾಲು ಬಿಟ್ಟರೆ ಬೇರೇನಿಲ್ಲ. ಚಪ್ಪಲಿಯನ್ನು ಬಾಗಿಲಾಚೆ ಬಿಟ್ಟು ಬಂದ ಹೆಂಗಸೊಬ್ಬರು ಮೇಜಿನಿಂದ ಮೇಜಿಗೆ ನಡೆಯುತ್ತಿದ್ದಾರೆ. ಪ್ರತಿ ಮೇಜಿನ ಮುಂದೂ ಬಾಗಿ, ತೊಟ್ಟಿಲ ಕೂಸನ್ನು ಮಾತಾಡಿಸುವಷ್ಟು ಮೆಲ್ಲಗೆ, ಮೈಕಿಗೆ ಒಂದೇ ಮಾತು ಕೇಳುತ್ತಾರೆ: "ಇದ್ದೀಯಾ?"

ಮೇಲೆ ಗಾಜಿನ ಕೋಣೆಯಲ್ಲಿ ಕೂತ ಜೊತೆಗಾರ ಹೆಬ್ಬೆರಳು ಎತ್ತಿದರೆ ಅದು ಇದೆ ಎಂದರ್ಥ. ಇವರು ಮುಂದಿನ ಮೇಜಿಗೆ ಹೋಗುತ್ತಾರೆ. "ಒನ್, ಟೂ, ತ್ರೀ ಅಂತ ದಿನಾ ಎಣಿಸಿದ್ರೆ ಅದಕ್ಕೂ ಬೇಜಾರು, ನಂಗೂ ಬೇಜಾರು," ಎಂದು ನಗುತ್ತಾರೆ. ಬರಿಗಾಲು ಏಕೆ ಎಂದರೆ, "ಮನುಷ್ಯರಿಗಿಂತ ಮುಂಚೆ ಚಪ್ಪಲಿ ಮಾತಾಡುತ್ತೆ. ಮೈಕಿಗೆ ಅದೇ ಮೊದಲು ಕೇಳ್ಸೋದು."

ಈ ಕಟ್ಟಡದಲ್ಲಿ ಕಾವಲುಗಾರರಿಂದ ಹಿಡಿದು ಮಂತ್ರಿಗಳವರೆಗೆ ಎಲ್ಲರೂ ಅವರನ್ನು ಕರೆಯುವುದು ಮೈಕಕ್ಕ ಎಂದೇ. ಸದನ ಸೇರಿದ ಮೇಲೆ ಅವರ ಜಾಗ ಆ ಗಾಜಿನ ಕೋಣೆ. ಎದುರಿಗೆ ಮೇಜಿಗೊಂದರಂತೆ, ದನಿ ಏರಿಸಲು ಇಳಿಸಲು ಮೇಲೆ ಕೆಳಗೆ ಸರಿಸುವ ಗುಂಡಿಗಳು. ಸಭಾಧ್ಯಕ್ಷರು ಯಾರನ್ನು ಕರೆಯುತ್ತಾರೋ ಅವರೊಬ್ಬರ ಮೈಕು ಮಾತ್ರ ತೆರೆಯಬೇಕು, ಮಿಕ್ಕವೆಲ್ಲ ಮುಚ್ಚಿರಬೇಕು. ನಾವು ಮನೆಯಲ್ಲಿ ಕೂತು ಕೇಳುವ ಸದನದ ಪ್ರತಿಯೊಂದು ಮಾತೂ ಈ ತಾಯಿಯ ಬೆರಳ ತುದಿ ದಾಟಿಯೇ ಬರುತ್ತದೆ. ಆ ಬೆರಳನ್ನು ಕಂಡವರು ಮಾತ್ರ ಯಾರೂ ಇಲ್ಲ.

ಇವರ ತಂದೆ ಧ್ವನಿವರ್ಧಕ ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದರು. ಆಟದ ವಯಸ್ಸಿನಲ್ಲೇ ಮಗಳು ಸುಟ್ಟ ಕಾಯಿಲ್‌ನ ತಂತಿ ಬಿಚ್ಚಿ ಮತ್ತೆ ಸುತ್ತುವುದನ್ನು ಕಲಿತರು. ಅಪ್ಪ ಹೋದ ಮೇಲೆ ಅಂಗಡಿ ಮುಚ್ಚಿತು. ಗುತ್ತಿಗೆ ಕೆಲಸ ಹುಡುಕಿಕೊಂಡು ಇಲ್ಲಿಗೆ ಬಂದರು. "ಹೆಂಗಸ್ರು ಮೈಕ್ ಹಿಡಿದ್ರೆ ಹಾಡ್ತಾರೆ, ರಿಪೇರಿ ಮಾಡ್ತಾರಾ ಅಂತ ಒಬ್ರು ಕೇಳಿದ್ರು. ಅವ್ರದ್ದೇ ಮೈಕ್ ಕೆಟ್ಟಿತ್ತು. ನಾನು ಸರಿಮಾಡಿಕೊಟ್ಟ ಮೇಲೆ ಅದೇ ಮೈಕಲ್ಲಿ ಅರ್ಧ ಗಂಟೆ ಭಾಷಣ ಮಾಡಿದ್ರು." ಕೆಲಸ ಕಾಯಂ ಆಗುವಷ್ಟರಲ್ಲಿ ಮುಂದಲೆ ನರೆತಿತ್ತು. ಅಧಿವೇಶನದ ಬೆಳಿಗ್ಗೆ ನೀರು ಕುಡಿಯುವುದಿಲ್ಲ, ನಡುವೆ ಎದ್ದು ಹೋಗುವಂತಿಲ್ಲವಲ್ಲ. ಹೆಡ್‌ಫೋನ್ ಒತ್ತಿ ಒತ್ತಿ ಕಿವಿಯ ಮೇಲೆ ಕಪ್ಪು ಕಟ್ಟಿದೆ. ಅದನ್ನೂ ತಮಾಷೆ ಮಾಡುತ್ತಾರೆ: "ಮನೇಲಿ ನಮ್ಮತ್ತೆಗೆ ಕಿವಿ ಕೇಳ್ಸಲ್ಲ. ಇಲ್ಲಿರೋರಿಗೆ ಕೇಳ್ಸುತ್ತೆ, ಕೇಳಿಸ್ಕೊಳ್ಳಲ್ಲ. ಎರಡೂ ಕಡೆ ಕೂಗೋ ಕೆಲಸ ನಂದೇ."

ಪದ್ಯ ಓದುವವರ ಬಾಯಿಗಿಂತ ಮುಂಚೆ ಅವರ ಎದೆ ಓದುತ್ತದೆ ಎಂದು ಬಲ್ಲವರು ಹೇಳುವುದುಂಟು. ಮೈಕಕ್ಕನಿಗೆ ಸದಸ್ಯರ ಆ ಎದೆ ಕಾಣುತ್ತದೆ. ಯಾರು ಏಳಲಿದ್ದಾರೆ, ಯಾರು ಏಳುವಂತೆ ನಟಿಸಿ ಕೂರಲಿದ್ದಾರೆ ಎಂಬುದು ಅವರು ಉಸಿರು ಎಳೆದುಕೊಳ್ಳುವ ಬಗೆಯಿಂದಲೇ ತಿಳಿಯುತ್ತದೆ. ಆದರೂ ಸಭಾಧ್ಯಕ್ಷರು ಕರೆಯುವ ಮುಂಚೆ ಬೆರಳು ಅಲುಗುವುದಿಲ್ಲ. ಕೂತು ನೋಡಿದರೆ ಕೈ ಮುಗಿಯಬೇಕೆನಿಸುತ್ತದೆ.

ಪ್ರಶ್ನೋತ್ತರ ವೇಳೆ ಎಂದರೆ ಇಲಾಖೆಗಳು ಜನರೆದುರು ಬಾಯಿ ಬಿಡಲೇಬೇಕಾದ ಹೊತ್ತು. ಆಸ್ಪತ್ರೆಗೆ ಏನು ಕೊಂಡಿರಿ, ರಸ್ತೆಗೆ ಸುರಿದ ಹಣ ಎಲ್ಲಿ ಹೋಯಿತು ಎಂದು ಸದಸ್ಯರು ಮುಂಚೆಯೇ ಬರೆದು ಕೊಟ್ಟಿರುತ್ತಾರೆ; ಉತ್ತರ ಅಚ್ಚಾಗಿ ಬಂದಿರುತ್ತದೆ. ನಿಜವಾದ ಪರೀಕ್ಷೆ ಆಮೇಲಿನದು. ಸದಸ್ಯರು ನಿಂತ ನಿಲುವಿನಲ್ಲೇ ಹಾಕುವ ಉಪಪ್ರಶ್ನೆಗೆ ಅಚ್ಚಾದ ಉತ್ತರ ಇರುವುದಿಲ್ಲ. ಆದರೆ ಅದು ಸಭಾಧ್ಯಕ್ಷರಿಗೆ ಕೇಳಿಸಬೇಕು. ಕೇಳಿಸದಿದ್ದರೆ ಮುಂದಿನ ಪ್ರಶ್ನೆಗೆ ಹೋಗುತ್ತಾರೆ.

ಹಿಂದಿನ ಅಧಿವೇಶನದಲ್ಲಿ ಆದದ್ದೇ ಅದು. ಕೊನೆಯ ಸಾಲಿನ ಸದಸ್ಯರೊಬ್ಬರು ಮೊದಲು ಬಸ್ ಕಂಡಕ್ಟರ್ ಆಗಿದ್ದವರು. ಅವರು ನಿಲ್ದಾಣದ ಹೆಸರು ಕೂಗಿದರೆ ಮೂರು ಬೀದಿಗೆ ಕೇಳುತ್ತಿತ್ತಂತೆ. ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಉಳಿದಿರುವುದು ಒಣಗಿದ ಎಲೆ ಸರಿದಂಥ ಸದ್ದು. ತಮ್ಮ ಊರಿನ ಆಸ್ಪತ್ರೆಯ ಡಯಾಲಿಸಿಸ್ ಯಂತ್ರದ ಬಗ್ಗೆ ಕೇಳಲು ಎದ್ದರು. ಸುತ್ತಲೂ ಗುಜುಗುಜು. ಸಭಾಧ್ಯಕ್ಷರು ಕತ್ತು ಚಾಚಿ ನೋಡಿ, "ಮಾನ್ಯ ಸದಸ್ಯರು ಉಪಪ್ರಶ್ನೆ ಕೇಳುತ್ತಿಲ್ಲವೇ? ಮುಂದಿನ ಪ್ರಶ್ನೆ," ಎಂದುಬಿಟ್ಟರು.

"ಅವ್ರು ನಿಂತೇ ಇದ್ರು," ಎನ್ನುತ್ತಾರೆ ಮೈಕಕ್ಕ. "ಎಲ್ಲರ ಗುಂಡೀನೂ ಒಂದೇ ಗುರುತಲ್ಲಿ ಇರ್ಬೇಕು ಅಂತ ನಂಗೆ ಕೆಲಸ ಕಲಿಸಿದೋರು ಬಿಳಿ ಬಣ್ಣದಲ್ಲಿ ಗೆರೆ ಎಳೆದು ಹೋಗಿದ್ದಾರೆ. ಆಳೋರಿಗೂ ಅದೇ ಗೆರೆ, ಹೊಸಬರಿಗೂ ಅದೇ ಗೆರೆ. ಅದು ನ್ಯಾಯ ಅಂತ ನಾನೂ ಅಂದ್ಕೊಂಡಿದ್ದೆ. ಅವತ್ತಿಂದ ಹಾಗನ್ಸಲ್ಲ."

ಯಾವ ಪ್ರಶ್ನೆಗೆ ಸರದಿ ಎಂದು ಚೀಟಿ ಎತ್ತುವಾಗ ಅದೇ ಪ್ರಶ್ನೆ ಮತ್ತೆ ಬಂದಿದೆ, ಇವತ್ತಿನ ಸರದಿಗೆ. ಹಾಗಾಗಿ ಕಂಡಕ್ಟರ್ ಸಾಹೇಬರು ಸೂರ್ಯನ ಜೊತೆಗೇ ಬಂದಿದ್ದಾರೆ. ಸದನದಲ್ಲಿ ನಿಂತೇ ಮಾತಾಡಬೇಕೆಂಬುದು ನಿಯಮ. ನಿಂತರೆ ಅವರ ದನಿ ಮೇಜಿನ ಮೈಕಿನವರೆಗೆ ಇಳಿಯುವುದಿಲ್ಲ. ಮೈಕಕ್ಕ ಗುಜರಿ ಡಬ್ಬದಿಂದ ಹಳೆಯ ಉದ್ದ ಕತ್ತಿನ ಮೈಕೊಂದನ್ನು ಆರಿಸಿ ತಂದು ಕೂರಿಸಿದ್ದಾರೆ.

"ಮಾತಾಡಿ ಸಾಹೇಬ್ರೇ."

"ಏನ್ ಮಾತಾಡ್ಲಿ ಅಕ್ಕಾ? ಟಿಕೆಟ್ ಟಿಕೆಟ್ ಅನ್ಲಾ?"

"ಅನ್ನಿ. ಆದ್ರೆ ಗಂಟಲಿಂದ ಬೇಡ, ಎದೆಯಿಂದ ಅನ್ನಿ. ಗುಂಡಿ ಗೆರೆ ದಾಟಿಸ್ತೀನಿ. ಆಗ ನಿಮ್ಮ ಅಕ್ಕಪಕ್ಕದೋರ ಪಿಸುಮಾತೂ ಕೇಳ್ಸುತ್ತೆ. ಬಾಯಿ ಮುಚ್ಕೊಂಡಿರೋಕೆ ಹೇಳಿ."

"ಅಕ್ಕಾ, ಸರ್ಕಾರದ ಬಾಯಿ ಬೇಕಾದ್ರೆ ಮುಚ್ಚಿಸ್ಬಹುದು. ಪಕ್ಕದ ಸೀಟಿನೋರ ಬಾಯಿ ಮುಚ್ಚಿಸೋಕೆ ಇಪ್ಪತ್ತು ವರ್ಷ ಬಸ್ಸಲ್ಲಿ ಪ್ರಯತ್ನಪಟ್ಟಿದ್ದೀನಿ."

ಇಬ್ಬರೂ ನಗುತ್ತಾರೆ. ಮೈಕಕ್ಕ ಬೇಗ ಗಂಭೀರರಾಗುತ್ತಾರೆ. ಕೂದಲೆಳೆಯಷ್ಟು ಹೆಚ್ಚು ಏರಿಸಿದರೂ ಇಡೀ ಸಭಾಂಗಣ ಕುಂಯ್ ಎಂದು ಕಿರುಚಿಕೊಳ್ಳುತ್ತದೆ. ಕಿರುಚಿದರೆ ಗದ್ದಲ; ಗದ್ದಲವಾದರೆ ಪ್ರಶ್ನೆ ಮತ್ತೆ ಹೋಯಿತು.

ಹೊತ್ತೇರಿ ಸದನ ತುಂಬುತ್ತದೆ. ಪ್ರಶ್ನೋತ್ತರ ವೇಳೆ ಇನ್ನೇನು ಮುಗಿಯಬೇಕು, ಆಗ ಸಭಾಧ್ಯಕ್ಷರು ಅವರನ್ನು ಕರೆಯುತ್ತಾರೆ. ಯಂತ್ರ ಸರಬರಾಜಾಗಿದೆ ಎಂದು ಮಂತ್ರಿಗಳು ಅಚ್ಚಾದ ಉತ್ತರ ಓದಿ ಕೂರುತ್ತಾರೆ. ಕಂಡಕ್ಟರ್ ಸಾಹೇಬರು ಏಳುತ್ತಾರೆ. ಗಾಜಿನ ಹಿಂದೆ ಮೈಕಕ್ಕನ ಬೆರಳು ಬಿಳಿ ಗೆರೆ ಮುಟ್ಟಿ, ನಿಂತು, ದಾಟುತ್ತದೆ. ಹಾಲು ಉಕ್ಕುವ ಮುಂಚೆ ಒಲೆಯ ಮುಂದೆ ನಿಂತವರ ಕಣ್ಣು ಅವರದು.

ಮೊದಲು ಕೇಳುವುದು ಪಕ್ಕದ ಸದಸ್ಯರ ಪಿಸುಮಾತು, ಇಡೀ ಸದನ ತುಂಬುವಂತೆ: "ಕ್ಯಾಂಟೀನ್ ಊಟದಲ್ಲಿ ಉಪ್ಪೇ ಇಲ್ಲ ಕಣಯ್ಯಾ!"

ಸದನ ಘೊಳ್ಳೆಂದು ನಗುತ್ತದೆ. "ಉಪ್ಪಿನ ವಿಚಾರ ಆಹಾರ ಇಲಾಖೆಯ ದಿನ ತೆಗೆದುಕೊಳ್ಳೋಣ," ಎನ್ನುತ್ತಾರೆ ಸಭಾಧ್ಯಕ್ಷರು. ಪಕ್ಕದವರು ಕೆಂಪಾಗಿ ಬಾಯಿಗೆ ಕೈ ಇಡುತ್ತಾರೆ. ತಮ್ಮ ಮಾತೂ ಹೀಗೆ ಹೊರಬಿದ್ದೀತೆಂದು ಅವರ ಪಕ್ಕದವರು ಸುಮ್ಮನಾಗುತ್ತಾರೆ, ಆಮೇಲೆ ಆ ಸಾಲು, ಅದರ ಮುಂದಿನ ಸಾಲು. ಯಾರೂ ಗದರದೆ, ಗಂಟೆ ಬಾರಿಸದೆ, ನೂರಾರು ಜನರ ಸದನ ತಾನೇ ತಾನಾಗಿ ನಿಶ್ಶಬ್ದವಾಗುತ್ತದೆ. ದೇವರೆದುರು ನಿಂತಾಗಲೂ ಅಷ್ಟು ಮೌನ ಸುಲಭಕ್ಕೆ ಸಿಕ್ಕುವುದಿಲ್ಲ. ಆ ಮೌನದೊಳಗೆ ಒಣಗಿದ ಎಲೆಯ ದನಿ ನಡೆದು ಬರುತ್ತದೆ.

"ಯಂತ್ರ ಬಂದಿದೆ ಮಂತ್ರಿಗಳೇ, ನಾನೇ ನೋಡಿದ್ದೀನಿ. ಅದನ್ನ ನಡೆಸೋರು ಯಾರು?"

ಅಧಿಕಾರಿಗಳ ಗ್ಯಾಲರಿಯಿಂದ ಚೀಟಿ ಇಳಿದು ಬರುತ್ತದೆ. ಮಂತ್ರಿಗಳು ಓದುತ್ತಾರೆ, ಇನ್ನೊಮ್ಮೆ ಓದುತ್ತಾರೆ. "ತಂತ್ರಜ್ಞರ ನೇಮಕ ಆಗಿಲ್ಲ."

"ನಮ್ಮೂರ ರೋಗಿಗಳು ವಾರಕ್ಕೆರಡು ಸಲ ಬೇರೆ ಊರಿಗೆ ಹೋಗಿ ರಕ್ತ ಶುದ್ಧಿ ಮಾಡಿಸ್ಕೊಂಡು ಬರ್ತಾರೆ. ನನ್ನ ಬಸ್ಸಲ್ಲೇ ಬರ್ತಿದ್ರು. ವಾಪಸ್ಸು ಬರೋವಾಗ ನಿಲ್ಲೋಕಾಗ್ದೆ ಬಾಗಿಲ ಮೆಟ್ಟಿಲ ಮೇಲೆ ಕೂರ್ತಿದ್ರು. ಅವ್ರನ್ನ ಎದ್ದೇಳಿ ಅನ್ನೋ ಕೆಲಸ ನಂದಾಗಿತ್ತು. ಯಂತ್ರ ನಡೆಸೋರನ್ನ ಯಾವತ್ತು ಕೊಡ್ತೀರಿ?"

ಈ ಸಲ ಚೀಟಿ ಬರುವುದಿಲ್ಲ. ಮಂತ್ರಿಗಳು ಗ್ಯಾಲರಿಯ ಕಡೆ ನೋಡದೆಯೇ ಹೇಳುತ್ತಾರೆ: "ಈ ಅಧಿವೇಶನ ಮುಗಿಯುವುದರೊಳಗೆ ನೇಮಕ ಮಾಡುತ್ತೇವೆ." ಸದನದಲ್ಲಿ ಆಡಿದ ಭರವಸೆ ದಾಖಲಾಗುತ್ತದೆ. ಈಡೇರಿತೇ ಎಂದು ಬೆನ್ನು ಹತ್ತಿ ಕೇಳುವುದಕ್ಕೇ ಒಂದು ಸಮಿತಿಯಿದೆ.

ಸದನ ಏಳುತ್ತಲೇ ಮೈಕಕ್ಕನ ಮೇಲಧಿಕಾರಿಯಾದ ಎಂಜಿನಿಯರ್ ಗಾಜಿನ ಕೋಣೆಗೆ ಬರುತ್ತಾರೆ. "ಗೆರೆ ದಾಟಿದ್ರಲ್ಲ ಅಕ್ಕಾ?"

"ದಾಟಿದೆ ಸಾರ್."

ಎಂಜಿನಿಯರ್ ಬಾಗಿ ಗುಂಡಿ ನಿಂತ ಜಾಗ ನೋಡುತ್ತಾರೆ. "ಆ ಮೇಜಿಗೆ ಬೇರೆ ಗೆರೆ ಎಳೀರಿ. ನಾಳೆ ನಾನಿಲ್ಲದಿದ್ರೂ ಇರ್ಲಿ," ಎಂದು ಹೊರಟುಹೋಗುತ್ತಾರೆ.

ಮೈಕಕ್ಕ ಹೆಡ್‌ಫೋನ್ ತೆಗೆದಿಟ್ಟು, ಬೆಳಗಿನಿಂದ ಮೊದಲ ಬಾರಿಗೆ ನೀರು ಕುಡಿಯುತ್ತಾರೆ. ಇಷ್ಟು ವರ್ಷ ದೊಡ್ಡವರ ಮಾತನ್ನೆಲ್ಲ ಕೇಳಿದ ಕಿವಿಗೆ ಇನ್ನೇನು ಕೇಳುವ ಆಸೆ ಉಳಿದಿದೆ ಎಂದು ವಿಚಾರಿಸಿದರೆ, ತುಸು ನಾಚಿಕೊಂಡೇ ಹೇಳುತ್ತಾರೆ:

"ಆ ಯಂತ್ರ ಓಡುವಾಗ ಹೇಗೆ ಸದ್ದು ಮಾಡುತ್ತೋ ನಂಗೆ ಗೊತ್ತಿಲ್ಲ. ಅದನ್ನ ನಡೆಸೋಕೆ ಜನ ಬಂದ ಮೇಲೆ ಒಂದಿನ ರಜೆ ಹಾಕಿ ಆ ಊರಿಗೆ ಹೋಗ್ಬೇಕು. ಆಸ್ಪತ್ರೆ ಬಾಗಿಲಲ್ಲಿ ನಿಂತು, ಅದೊಂದನ್ನ ಕೇಳ್ಕೊಂಡು ಬಂದ್ಬಿಡ್ಬೇಕು."