ನರಸಿಂಹನಿಗೆ ನೈವೇದ್ಯ ನಿಂತ ದಿನಗಳು

ಸಾಲಿಗ್ರಾಮದ ಗುರುನರಸಿಂಹನನ್ನು ನಂಬಿ ಬದುಕುವ ಎಲ್ಲರಿಗೂ ಅಹಮದಾಬಾದಿನಿಂದ ಒಬ್ಬ ಅಡುಗೆಯವನ ನಮಸ್ಕಾರ. ಕಳೆದ ವರ್ಷ ಚೌತಿ ಮುಗಿದ ವಾರ ಒಬ್ಬ ಡಾಕ್ಟರು ನನ್ನನ್ನು ಎದುರಿಗೆ ಕೂರಿಸಿಕೊಂಡು, "ಮಹಾರಾಜ್, ಸದ್ಯಕ್ಕೆ ನೀವು ಬೇರೆಯವರಿಗೆ ಅಡುಗೆ ಮಾಡಬಾರದು" ಎಂದರು. ಅಡುಗೆ ಬಿಟ್ಟರೆ ಬೇರೇನೂ ಬಾರದ, ಮದುವೆ ಮಕ್ಕಳಿಲ್ಲದ, ಐವತ್ತು ದಾಟಿದವನು ನಾನು. ಆ ಮಾತು ಕೇಳಿದವನನ್ನು ಸ್ವಾಮಿ ಹೇಗೆ ದಡ ಮುಟ್ಟಿಸಿದ ಎಂಬುದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಗುಜರಾತಿನಲ್ಲಿ ಅಡುಗೆಯವನನ್ನು ಮಹಾರಾಜ್ ಎನ್ನುತ್ತಾರೆ. ಹೆಸರು ಮಾತ್ರ ರಾಜನದು, ಕೆಲಸ ಒಲೆಯ ಮುಂದೆ. ಇಲ್ಲಿನವರು ಪರದೇಶ ಪ್ರವಾಸಕ್ಕೆ ಹೊರಟರೆ ಬಟ್ಟೆಬರೆಯ ಜೊತೆ ಮಹಾರಾಜನನ್ನೂ ಕಟ್ಟಿಕೊಂಡು ಹೋಗುತ್ತಾರೆ. ಬ್ಯಾಂಕಾಕಿನ ಹೋಟೆಲಿನಲ್ಲಿ ಒಂದು ಮೂಲೆ ಬಾಡಿಗೆಗೆ ಹಿಡಿದು, ನಮ್ಮದೇ ಪಾತ್ರೆ, ನಮ್ಮದೇ ಬೇಳೆ. ಉಡುಪಿ ಸೀಮೆಯ ಕೋಟದ ಕಡೆಯ ನನ್ನ ಸಾರು ಅವರ ದಾಲ್‌ನಷ್ಟು ಸಿಹಿ ಇರದಿದ್ದರೂ ಜನಕ್ಕೆ ಹಿಡಿಸಿತ್ತು. ಅಹಮದಾಬಾದಿನ ಅಂಚಿನ ಬೋಪಾಲ್ ಬಡಾವಣೆಯಲ್ಲಿ ಆಫೀಸು ಇಟ್ಟುಕೊಂಡಿರುವ ಜಿಗ್ನೇಶ್‌ಭಾಯಿ ಎಂಬವರು ನನ್ನ ಯಜಮಾನರು. ಅಲ್ಲೇ ಹತ್ತಿರ, ಎತ್ತರದ ಕಟ್ಟಡಗಳ ಹಿಂದುಗಡೆ, ನನಗೊಂದು ಕೋಣೆ ಅಡುಗೆಮನೆಯ ವಾಸ.

ಕಳೆದ ವರ್ಷದ ಪ್ರವಾಸ ಉದ್ದದ್ದು. ನಿವೃತ್ತರಾದ ಗಂಡಹೆಂಡಿರ ಗುಂಪು ದೀಪಾವಳಿ ಮುಗಿಸಿ ಹೊರಟು ಶ್ರೀಲಂಕಾ, ಥಾಯ್ಲೆಂಡ್, ಕಾಂಬೋಡಿಯಾ, ವಿಯೆಟ್ನಾಂ, ಬಾಲಿ ಸುತ್ತಿ ಶಿವರಾತ್ರಿಯ ಹೊತ್ತಿಗೆ ವಾಪಸು ಬರಬೇಕಿತ್ತು. ಎಂಟು ದಿನದ ಪ್ರವಾಸಕ್ಕೂ ಇದಕ್ಕೂ ಅಜಗಜಾಂತರ. ಒಂದು ದೇಶ ವೀಸಾದ ದಿನಗಳನ್ನು ಅಲ್ಲಿ ಇಳಿದ ದಿನದಿಂದ ಲೆಕ್ಕ ಹಿಡಿಯುತ್ತದೆ, ಇನ್ನೊಂದು ಕಡೆ ಉಳಿಯುವ ಅವಧಿ ಮುಗಿಯುವ ಮೊದಲೇ ಅಲ್ಲಿನ ಆಫೀಸಿಗೆ ಹೋಗಿ ಮುಂದುವರಿಸಿಕೊಳ್ಳಬೇಕು. ಪಾಸ್‌ಪೋರ್ಟಿನ ಅವಧಿ ವಾಪಸು ಬಂದ ಮೇಲೂ ಬೇಕಾದಷ್ಟು ಉಳಿದಿರಬೇಕು, ಖಾಲಿ ಹಾಳೆ ಇರಬೇಕು. ನನ್ನದು ಇನ್ನೂ ತೊಡಕು. ಅವರು ನೋಡಲು ಹೋಗುವವರು, ನಾನು ದುಡಿಯಲು ಹೋಗುವವನು, ಹಾಗಾಗಿ ಅವರ ವೀಸಾ ನನಗೆ ನಡೆಯುವುದಿಲ್ಲ. ಜಿಗ್ನೇಶ್‌ಭಾಯಿ ನನ್ನ ಕಾಗದಪತ್ರ ಹಿಡಿದು ಏಜೆಂಟರ ಹಿಂದೆ ಅಲೆದದ್ದೇ ಅಲೆದದ್ದು.

ಆಮೇಲೆ ಆರೋಗ್ಯದ ತಯಾರಿ. ಕಾಮಾಲೆಗೆ, ಟೈಫಾಯ್ಡಿಗೆ, ಸೊಳ್ಳೆಯಿಂದ ಬರುವ ಮಿದುಳು ಜ್ವರಕ್ಕೆ ಚುಚ್ಚುಮದ್ದು. ಕೆಲವು ಚುಚ್ಚುಮದ್ದನ್ನು ಅಂತರ ಬಿಟ್ಟು ಎರಡು ಸಲ ತೆಗೆದುಕೊಳ್ಳಬೇಕಾದ್ದರಿಂದ ಶ್ರಾವಣದಲ್ಲೇ ಶುರು. ಬಿಪಿ, ಸಕ್ಕರೆಯವರೆಲ್ಲ ಮಾತ್ರೆಯ ಜೊತೆ ಡಾಕ್ಟರ ಚೀಟಿ ಇಟ್ಟುಕೊಳ್ಳಲೇಬೇಕು ಎಂದು ಕಟ್ಟಪ್ಪಣೆ. ಡಾಕ್ಟರು ಎಲ್ಲರಿಗೂ ಚುಚ್ಚಿ ಕಳಿಸಿ, ನನ್ನನ್ನು ಮಾತ್ರ ನಿಲ್ಲಿಸಿಕೊಂಡು, "ಅಡುಗೆಯವರಲ್ವಾ? ಮಲದ ಪರೀಕ್ಷೆಯೂ ಆಗಲಿ" ಎಂದರು. ನನಗೆ ಪಿತ್ತ ನೆತ್ತಿಗೇರಿತು. ಮಿಂದು ಮಡಿಯುಟ್ಟಲ್ಲದೆ ಒಲೆ ಹಚ್ಚದವನು, ಕಂಡವರ ಮನೆಯಲ್ಲಿ ಒಂದು ತುತ್ತು ಉಣ್ಣದವನು ನಾನು! ನನಗೇ ಈ ಪರೀಕ್ಷೆಯೇ ಎಂದು ಗೊಣಗುತ್ತಲೇ ಕೊಟ್ಟು ಬಂದೆ.

ರಿಪೋರ್ಟಿನಲ್ಲಿ ಟೈಫಾಯ್ಡಿನ ಕ್ರಿಮಿ ಇತ್ತು. ಹದಿನೆಂಟರ ವಯಸ್ಸಿನಲ್ಲಿ ನನಗೆ ಆ ಜ್ವರ ಬಂದು ಹೋಗಿತ್ತು. ಜ್ವರ ಹೋದರೂ ಕ್ರಿಮಿ ಹೋಗದೆ ಪಿತ್ತಕೋಶದಲ್ಲಿ ಮನೆ ಮಾಡಿಕೊಂಡಿತ್ತಂತೆ. ಸ್ಕ್ಯಾನಿನಲ್ಲಿ ಅಲ್ಲಿ ಕಲ್ಲುಗಳೂ ಕಂಡವು. ನನಗೇನೂ ಆಗುವುದಿಲ್ಲ, ಆದರೆ ಕೈ ತೊಳೆಯುವುದು ಚೂರು ತಪ್ಪಿದರೂ ನನ್ನಿಂದ ಇನ್ನೊಬ್ಬರ ಅನ್ನಕ್ಕೆ ಹೋಗಬಹುದು. ಪಿತ್ತಕೋಶ ತೆಗೆಸಿ, ಔಷಧಿ ಮುಗಿಸಿ, ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಕ್ರಿಮಿ ಇಲ್ಲವೆಂದು ಬಂದ ಮೇಲೆಯೇ ಅಡುಗೆ ಎಂದರು ಡಾಕ್ಟರು. ಚುಚ್ಚುಮದ್ದು ಇದಕ್ಕೆ ಪರಿಹಾರವಲ್ಲ ಎಂದೂ ಹೇಳಿದರು.

ಕೇಳುತ್ತ ಕೂತವನಿಗೆ ಸೂರತ್ತಿನ ಕಂಚನ್‌ಬೆನ್ ನೆನಪಾದರು. ಗಂಡ ತೀರಿಕೊಂಡ ಮೇಲೂ ಪ್ರತಿ ವರ್ಷ ನಮ್ಮ ಜೊತೆ ಬರುತ್ತಿದ್ದ ಮುದುಕಿ. ಎಲ್ಲರೂ ಅವರನ್ನು ‘ಬಾ’ ಎನ್ನುತ್ತಾರೆ, ಎಂದರೆ ಅಮ್ಮ. ಹಿಂದಿನ ಪ್ರವಾಸದಿಂದ ಮರಳಿದ ಮೇಲೆ ಅವರು ಟೈಫಾಯ್ಡಿನಿಂದ ಆಸ್ಪತ್ರೆ ಸೇರಿ, ಉಳಿಯುವುದೇ ಕಷ್ಟ ಎಂಬಂತಾಗಿ ಬದುಕಿದ್ದರು. ನಾನು ಬಡಿಸಿದ ಅನ್ನವೇ ಅವರನ್ನು ಮಲಗಿಸಿತೇ? ಈ ಯೋಚನೆ ಹೊಕ್ಕ ಮೇಲೆ ನನಗೆ ನಿದ್ದೆ ಇಲ್ಲವಾಯಿತು.

ಜಿಗ್ನೇಶ್‌ಭಾಯಿ, "ಯಾರಿಗೂ ಹೇಳಬೇಡಿ ಮಹಾರಾಜ್, ಧಂಧಾ ಮುಳುಗುತ್ತೆ" ಎಂದರು. ನನಗೆ ಅದು ಆಗಲಿಲ್ಲ. ಬಾ ಅವರಿಗೆ ಫೋನು ಮಾಡಿ ಇದ್ದದ್ದನ್ನು ಹೇಳಿದೆ. ಅವರು ಎಲ್ಲ ಕೇಳಿ, "ಠೀಕ್ ಛೇ" ಎಂದರು, ಸರಿ ಎಂದಷ್ಟೇ ಹೇಳಿ ಫೋನು ಇಟ್ಟುಬಿಟ್ಟರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅಂದು ಸಂಜೆ ದೇವರ ಪಟದ ಮುಂದೆ ಕೂತವನಿಗೆ ಅನ್ನದ ಪಾತ್ರೆ ಮುಂದಿಡಲು ಕೈ ಬರಲಿಲ್ಲ. ಬುದ್ಧಿ ತಿಳಿದಾಗಿನಿಂದ ನರಸಿಂಹನಿಗೆ ನೈವೇದ್ಯ ಮಾಡದೆ ನಾನು ಉಂಡವನಲ್ಲ. ಈ ಕೈಯ ಅನ್ನವನ್ನು ಮನುಷ್ಯರೇ ಉಣ್ಣಬಾರದು ಎಂದಾದರೆ ಅವನಿಗೆ ಹೇಗೆ ಇಡಲಿ? ಹಣ್ಣು, ಕಲ್ಲುಸಕ್ಕರೆ ಇಟ್ಟೆ. ನನಗೊಬ್ಬನಿಗೆ ಬೇಯಿಸಿಕೊಂಡ ಗಂಜಿಯನ್ನು ನೈವೇದ್ಯವಿಲ್ಲದೆ ಉಂಡೆ. ಸಾವಿರಾರು ಜನಕ್ಕೆ ಬಡಿಸಿದವನ ಕೋಣೆಗೆ ‘ಊಟ ಆಯ್ತಾ’ ಎಂದು ಕೇಳುವವರೊಬ್ಬರು ಬರಲಿಲ್ಲ. ಅಕ್ಕಪಕ್ಕದವರ ತಪ್ಪಲ್ಲ, ನಾನೇ ಯಾರೊಬ್ಬರ ಮನೆಯ ಚಹಾ ಕೂಡ ಮುಟ್ಟದೆ ಎಲ್ಲರನ್ನೂ ದೂರ ಇಟ್ಟವನು. ಎದುರು ಕಟ್ಟಡಗಳಲ್ಲಿ ಮನೆಮನೆಯ ಕುಕ್ಕರ್ ಕೂಗುವುದನ್ನು ಕೇಳುತ್ತ ಕೂರುತ್ತಿದ್ದೆ. ಊರಿನಲ್ಲಿರುವ ತಂಗಿಗೆ ಆಪರೇಷನ್ ಎಂದಷ್ಟೇ ತಿಳಿಸಿದೆ.

"ಅಣ್ಣಯ್ಯ, ಒಬ್ನೇ ಎಂತ ಮಾಡ್ತೆ ಅಲ್ಲಿ? ಇವ್ರ್ ಕಾಲು ಮುರ್ಕಂಡ್ ಮಲ್ಗಿದ್ರ್, ನಂಗೆ ಬಪ್ಪುಕ್ ಆತಿಲ್ಲೆ ಮಾರಾಯ" ಎಂದು, ಗಂಡನನ್ನು ಬಿಟ್ಟು ಬರಲಾಗದೆ ಅತ್ತಳು. ಅವಳಿಗೆ ನಾನೇ ಸಮಾಧಾನ ಹೇಳಬೇಕಾಯಿತು.

ದೇವರ ಹತ್ತಿರ ಮಾತ್ರ ಜಗಳ ಆಡಿದೆ. ನನ್ನ ನಾಲಿಗೆ ಮೊದಲೇ ಜೋರು. "ಮಡಿ ಮಾಡಿಸಿದವನೂ ನೀನೇ, ಒಳಗೆ ಇದನ್ನು ಸಾಕಿದವನೂ ನೀನೇ. ಪರದೇಶ ಬೇಡ, ವೀಸಾ ಬೇಡ. ಒಬ್ಬರು, ಒಬ್ಬರೇ ಒಬ್ಬರು, ನನ್ನ ಕೈಯ ಅನ್ನವನ್ನು ಹೆದರದೆ ಉಣ್ಣುವಂತೆ ಮಾಡು. ಮತ್ತೇನೂ ಕೇಳುವುದಿಲ್ಲ" ಎಂದು ಹಟ ಹಿಡಿದೆ. ಅವನು ಎಂದಿನಂತೆ ಪಟದಲ್ಲಿ ಸುಮ್ಮನಿದ್ದ.

ಆಪರೇಷನ್ ವಡೋದರಾದ ಒಂದು ಧರ್ಮಾಸ್ಪತ್ರೆಯಲ್ಲಿ ಗೊತ್ತಾಯಿತು. ಗೀತಾ ಮಂದಿರದ ನಿಲ್ದಾಣದಲ್ಲಿ ಸರಕಾರಿ ಬಸ್ಸು ಹತ್ತಿ, ಚೀಲ ತೊಡೆಯ ಮೇಲಿಟ್ಟುಕೊಂಡು ಒಬ್ಬನೇ ಹೋದೆ. ನವರಾತ್ರಿಯ ದಿನಗಳು. ಸಂಜೆಯಾದರೆ ವಾರ್ಡಿನ ಕಿಟಕಿಯಿಂದ ಗರ್ಬಾದ ಢೋಲು ಕೇಳಿಸುತ್ತಿತ್ತು, ಊರಿಗೆ ಊರೇ ಕೈಕೈ ಸೇರಿಸಿ ಕುಣಿಯುತ್ತಿತ್ತು. ಬೆಳಿಗ್ಗೆ ನರ್ಸು ಬಂದು, "ನಿಮ್ಮ ಕಡೆಯವರು ಎಲ್ಲಿ ಕಾಕಾ? ಜೊತೆಗೆ ಒಬ್ಬರಾದರೂ ಬೇಕಲ್ಲ" ಎಂದಳು. ಇಲ್ಲಮ್ಮ ಎಂದೆ. "ಯಾರೂ ಇಲ್ವಾ?" ಎಂದು ಮತ್ತೆ ಕೇಳಿದಳು. ಆ ಹುಡುಗಿ ಕೆಟ್ಟದ್ದಕ್ಕೆ ಕೇಳಿದ್ದಲ್ಲ, ಆದರೆ ಆಚೀಚೆ ಮಂಚದವರ ಬಳಗವೆಲ್ಲ ತಿರುಗಿ ನನ್ನನ್ನೇ ನೋಡಿತು. ಕಣ್ಣು ಮುಚ್ಚಿ ಸ್ವಾಮಿಯನ್ನು ನೆನೆದೆ. ನಿಜ ಹೇಳುತ್ತೇನೆ, ಅಂದು ನೆನೆದದ್ದು ಭಕ್ತಿಯಿಂದಲ್ಲ, ಬೇರೆ ಯಾರೂ ಇರಲಿಲ್ಲ ಎಂದು.

"ಐತಾಳ್ ಮಹಾರಾಜ್ ಯಾವ ಮಂಚ?" ಎಂದು ಬಾಗಿಲಲ್ಲಿ ಯಾರೋ ಗುಜರಾತಿಯಲ್ಲಿ ಗದರಿಸಿ ಕೇಳಿದರು. ಕಣ್ಣು ಬಿಟ್ಟರೆ ಕಂಚನ್‌ಬೆನ್. ಕೋಲೂರಿಕೊಂಡು, ಬೆಳಗಿನ ರೈಲಿಗೆ ಸೂರತ್ತಿನಿಂದ ಬಂದಿದ್ದರು. ಜಿಗ್ನೇಶ್‌ಭಾಯಿಯನ್ನು ಪೀಡಿಸಿ ಆಸ್ಪತ್ರೆಯ ವಿಳಾಸ ಹಿಡಿದಿದ್ದರು. ನರ್ಸು, ಇವರು ನಿಮಗೆ ಏನಾಗಬೇಕು ಎಂದು ಕೇಳಿದಳು. "ನಾನು ಇವರ ಕೈಯೂಟ ಉಂಡವಳು, ಸಾಲದಾ? ಎಲ್ಲಿ ಸಹಿ ಹಾಕಬೇಕು ತೋರಿಸು" ಎಂದರು ಬಾ.

ಆಪರೇಷನ್ ಸರಾಗವಾಯಿತು. ಊಟ ಕೊಡಬಹುದು ಎಂದ ದಿನ ಬಾ ತಾವು ಉಳಿದುಕೊಂಡಿದ್ದ ತಮ್ಮ ತಂಗಿಯ ಮನೆಯಿಂದ ಡಬ್ಬಿಯಲ್ಲಿ ಮೆತ್ತಗಿನ ಖಿಚಡಿ ತಂದರು. ನಾನು ಡಬ್ಬಿಗೆ ಕೈ ಹಾಕಲಿಲ್ಲ. ಪರರ ಅಡುಗೆ ಮುಟ್ಟದವನ ಅಭ್ಯಾಸ ಅವರಿಗೆ ಗೊತ್ತಿತ್ತು.

"ನಾನು ಮಿಂದೇ ಮಾಡಿದ್ದು. ಉಣ್ಣಿ" ಎಂದರು.

"ಬಾ, ನನ್ನಿಂದ ನೀವು ಸಾಯುವ ಹಾಗಾಯಿತು" ಎಂದೆ. ಅಷ್ಟು ದಿನ ತಡೆದದ್ದೆಲ್ಲ ಒಡೆದು ಹಸುಳೆಯ ಹಾಗೆ ಅತ್ತೆ.

ಬಾ ಆಚೀಚೆ ನೋಡಿ ದನಿ ತಗ್ಗಿಸಿದರು. "ಅರೇ ಮಹಾರಾಜ್, ಯಾರಿಗೆ ಗೊತ್ತು? ಪ್ರವಾಸದುದ್ದಕ್ಕೂ ನಿಮ್ಮ ಸಾರು ಕುಡಿದು ನಾಲಿಗೆ ಜಡ್ಡುಗಟ್ಟಿತ್ತು. ಸೂರತ್ತಿಗೆ ಬಂದವಳೇ ಮಗನಿಗೆ ತಿಳಿಯದ ಹಾಗೆ ಬೀದಿಯ ಪಾನಿಪುರಿ ತಿಂದೆ. ಒಂದು ದಿನ ಅಲ್ಲ, ದಿನಾ ಸಂಜೆ! ನೀವು ಫೋನು ಮಾಡಿದಾಗ ಸೊಸೆ ಪಕ್ಕದಲ್ಲೇ ಇದ್ದಳು, ಹೇಗೆ ಹೇಳಲಿ? ಅದು ನಿಮ್ಮದೋ, ಪಾನಿಪುರಿಯವನದೋ, ದೇವರಿಗೇ ಗೊತ್ತು. ನೀವು ಉಣ್ಣಿ."

ಅಳು ನಿಂತಿರಲಿಲ್ಲ, ಅದರ ನಡುವೆಯೇ ನಗು ಬಂತು, ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡೆ. ಅವರು ಚಮಚದಲ್ಲಿ ಕೊಟ್ಟರು, ನಾನು ಬಾಯಿ ತೆರೆದೆ. ಅಮ್ಮ ತೀರಿದ ಮೇಲೆ ಇನ್ನೊಬ್ಬರು ಬೇಯಿಸಿ ನನಗೆ ಉಣಿಸಿದ್ದು ಅದೇ ಮೊದಲು. ಸ್ವಾಮಿ ಪಟದಲ್ಲಿ ಸುಮ್ಮನೆ ಇರಲಿಲ್ಲ ಎಂಬುದು ಆಗ ತಿಳಿಯಿತು. ನನಗೆ ಹಸಿವಾಗಿದೆ ಎಂಬುದನ್ನು ನನಗಿಂತ ಮೊದಲು ಅವನು ಕಂಡಿದ್ದ.

ಬೋಪಾಲಿಗೆ ಮರಳಿದ ಮೇಲೆ ಮತ್ತೆ ಒಬ್ಬಂಟಿ. ದೀಪಾವಳಿ ಕಳೆಯಿತು, ಗುಂಪು ಬೇರೆ ಮಹಾರಾಜನನ್ನು ಕರೆದುಕೊಂಡು ಹೊರಟಿತು. ಅಷ್ಟು ಅಲೆದಾಡಿಸಿದ ವೀಸಾ ಪಾಸ್‌ಪೋರ್ಟಿನಲ್ಲಿ ಬಂದು ಕೂತಿತ್ತು, ನಾನು ಕೋಣೆಯಲ್ಲಿ ಕೂತಿದ್ದೆ. ಮಾತ್ರೆಗಳು, ಪಥ್ಯ, ನಡುನಡುವೆ ಪರೀಕ್ಷೆ. ಪ್ರತಿ ಸಲ ರಿಪೋರ್ಟು ಬರುವವರೆಗೆ ದಿನ ಎಣಿಸುತ್ತಿದ್ದೆ. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಹತ್ತು ಜನಕ್ಕೆ ಅಡುಗೆ ಮಾಡುವವರು, ಮಠಮಂದಿರಗಳ ಪಾಕಶಾಲೆಯವರು, ಪರದೇಶಕ್ಕೆ ಹೋಗಲಿ ಬಿಡಲಿ, ಈ ಪರೀಕ್ಷೆ ಮಾಡಿಸಿಕೊಳ್ಳಿ. ಅದರಿಂದ ಮಡಿಗೆ ಕುಂದಿಲ್ಲ.

ಸಂಕ್ರಾಂತಿಯಂದು ಇಲ್ಲಿನವರು ಆಚರಿಸುವ ಉತ್ತರಾಯಣದ ಗಾಳಿಪಟಗಳು ಇನ್ನೂ ತಂತಿಗಳಲ್ಲಿ ನೇತಾಡುತ್ತಿದ್ದಾಗ ಕೊನೆಯ ರಿಪೋರ್ಟೂ ಬಂತು. ಕ್ರಿಮಿ ಇಲ್ಲ. "ಇನ್ನು ಅಡುಗೆ ಮಾಡಿ ಮಹಾರಾಜ್, ಕೈ ಮಾತ್ರ ಸೋಪು ಹಾಕಿ ತೊಳೆಯುವುದನ್ನು ಬಿಡಬೇಡಿ" ಎಂದರು ಡಾಕ್ಟರು. ಮರುದಿನ ಬೆಳಿಗ್ಗೆ ಮಿಂದು, ಒಲೆ ಹಚ್ಚಿ, ಅನ್ನ, ಸಾರು ಮಾಡಿ ನರಸಿಂಹನ ಮುಂದಿಟ್ಟೆ. ಗಂಟೆ ಅಲ್ಲಾಡಿಸಿ ಆರತಿ ಎತ್ತಿದೆ. ಪ್ರಸಾದವನ್ನು ಬಿಸಿಯಿರುವಾಗಲೇ ಡಬ್ಬಿಗೆ ತುಂಬಿ, ಸಿಕ್ಕಿದ ರೈಲು ಹತ್ತಿ ಸೂರತ್ತಿಗೆ ಹೊರಟೆ.

ಬಾ ತಟ್ಟೆ ಹಾಕಿಕೊಂಡು ಕೂತರು. ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳಿಗೆ ನನ್ನ ಕಾಯಿಲೆಯ ವಿಷಯ ಆಮೇಲೆ ತಿಳಿದಿತ್ತು, ಅವಳ ಮುಖದಲ್ಲಿ ಭಯ ಕಾಣುತ್ತಿತ್ತು. ನಾನು ರಿಪೋರ್ಟು ತೆಗೆದು ಅವಳ ಮುಂದೆ ಹಿಡಿದೆ. ಅಷ್ಟರಲ್ಲಿ ಬಾ ಕಲಸಿ ಒಂದು ತುತ್ತು ಬಾಯಿಗಿಟ್ಟಾಗಿತ್ತು. ನಿಧಾನವಾಗಿ ಅಗಿದರು.

"ಮಹಾರಾಜ್, ಉಪ್ಪು ಕಡಿಮೆ" ಎಂದರು.

ನೈವೇದ್ಯದ ಅಡುಗೆಯನ್ನು ಮೊದಲೇ ರುಚಿ ನೋಡುವಂತಿಲ್ಲ, ಕೈಯಳತೆಯೇ ಅಳತೆ. ತಿಂಗಳುಗಟ್ಟಲೆ ಕೆಲಸವಿಲ್ಲದ ಕೈಗೆ ಅಳತೆ ಮರೆತಿತ್ತು. ಸೊಸೆಯ ಕಡೆಯಿಂದ ಉಪ್ಪಿನ ಡಬ್ಬಿ ಬಂತು. ನಾನು ಚಮಚ ಹುಡುಕಿದೆ. ಬಾ ತಟ್ಟೆಯನ್ನು ನನ್ನತ್ತ ಸರಿಸಿ, "ಚಮಚ ಯಾಕೆ? ಕೈಯಲ್ಲೇ ಹಾಕಿ" ಎಂದರು. ಕೈ ತೊಳೆದು ಬಂದು ಮೂರು ಬೆರಳಲ್ಲಿ ಉಪ್ಪು ಹಿಡಿದು ಅವರ ಅನ್ನಕ್ಕೆ ಉದುರಿಸಿದೆ. ಅವರು ಕಲಸಿ ಉಂಡರು. ಸೊಸೆ ಒಳಗೆ ಹೋದಳು. ಹೊರಗೆ ಬಂದಾಗ ಅವಳ ಕೈಯಲ್ಲಿ ಇನ್ನೊಂದು ತಟ್ಟೆ ಇತ್ತು. ಅತ್ತೆಯ ಪಕ್ಕ ಕೂತು, "ನನಗೂ ಬಡಿಸಿ ಕಾಕಾ" ಎಂದಳು.

ನರಸಿಂಹನನ್ನು ನಾನು ಕೇಳಿದ್ದು ಒಬ್ಬರನ್ನು. ಅವನು ಇಬ್ಬರನ್ನು ಕೂರಿಸಿದ.